ನಡುಗೋಡೆಯ ಮೀನುತೊಟ್ಟಿ

ಬೇಲೂರಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದ ಆಂಡಾಳ್, ಅದೇ ಮನೆಯ ಪಕ್ಕದ ಭಾಗದಲ್ಲಿದ್ದ ತಮ್ಮ ವರದರಾಜನೊಂದಿಗೆ ಮಾತು ಬಿಟ್ಟು ನಾಲ್ಕು ವರ್ಷವಾಗಿತ್ತು. ಮನೆ ಪಾಲಾದಾಗ ನಡುಗೋಡೆ ಅಕ್ಕನಿಗೆ ಬಂದಿತ್ತು. ಆ ಗೋಡೆಯನ್ನೇ ಎಂಟಡಿ ಉದ್ದಕ್ಕೆ ಒಡೆಸಿ, ಆ ಜಾಗಕ್ಕೆ ಪ್ಲೈವುಡ್ ಹಲಗೆ ಕೊಯ್ದು ಕೂರಿಸಿ, ನೀರು ಸೋರದಂತೆ ಒಳಗೆಲ್ಲ ಮೂರು ಸಲ ಎಪಾಕ್ಸಿ ಅಂಟು ಬಳಿದು, ಮೀನು ಸಾಕಲು ಅವರೇ ದೊಡ್ಡ ತೊಟ್ಟಿ ಕಟ್ಟತೊಡಗಿದರು.

ಮೊದಲ ದಿನವೇ ವರದರಾಜ ಬಾಗಿಲಿಗೆ ಬಂದ. “ಆ ಕಡೆ ನನ್ನ ದೇವರ ಮನೆ ಇದೆ. ಅದರ ಬೆನ್ನಿಗೆ ಮೀನು ತಂದಿಡ್ತೀಯಾ? ನಿನಗೆ ತಲೆ ಕೆಟ್ಟಿದೆ.”

“ಗೋಡೆ ನನ್ನದು. ಪಾಲುಪತ್ರ ಓದ್ಕೋ ಹೋಗು.”

ಅವನು ವಕೀಲರಿಂದ ನೋಟಿಸ್ ಕೊಡಿಸಿದ. ಆಂಡಾಳ್ ಅದರ ಹಿಂಬದಿಯಲ್ಲಿ ತೊಟ್ಟಿಯ ಮುಂಭಾಗದ ಗಾಜಿನ ಅಳತೆ ಬರೆದುಕೊಂಡರು.

ನೀರು ತುಂಬಿ ಹದಿನೈದು ದಿನವಾದರೂ ಒಂದು ಹನಿ ಸೋರಲಿಲ್ಲ. ಮೀನು ನೋಡಲು ಬೀದಿಯವರೆಲ್ಲ ಬಂದರು. ವರದರಾಜನ ಮಗಳು ಮೇಧಿನಿಯೂ ದಿನಾ ಬಂದು ಕೂರತೊಡಗಿದಳು. ಒಂದು ಸಂಜೆ ಅವಳನ್ನು ಕರೆಯಲು ಬಂದ ವರದರಾಜ ಗಾಜಿನ ಮುಂದೆ ಬಹಳ ಹೊತ್ತು ನಿಂತ.

“ನಮ್ಮ ಕಡೆ ಬರೀ ಹಲಗೆ ಕಾಣತ್ತೆ. ಅಲ್ಲೂ ಒಂದು ಗಾಜು ಹಾಕಿಸಬಹುದಿತ್ತಲ್ಲ, ಅಕ್ಕ?”

“ಹಾಕಿಸಬಹುದಿತ್ತು. ನಿನಗೆ ಕಾಣಬಾರದು ಅಂತಲೇ ಹಲಗೆ ಹಾಕಿದೆ ಕಣೋ,” ಎಂದು ಆಂಡಾಳ್ ತೊಟ್ಟಿಯ ದೀಪ ಆರಿಸಿದರು.