ಕೈ ಮಲಗಿಸುವ ಡಾಕ್ಟರು

ನಮ್ಮ ಆಪರೇಷನ್ ಥಿಯೇಟರಿನ ಅರಿವಳಿಕೆ ಡಾಕ್ಟರಿಗೆ ಇಡೀ ಮನುಷ್ಯನನ್ನು ಮಲಗಿಸುವುದೆಂದರೆ ಅಷ್ಟಕ್ಕಷ್ಟೆ; ಒಂದು ಕೈಯನ್ನು ಮಾತ್ರ ಮಲಗಿಸಿ, ಉಳಿದ ಮನುಷ್ಯನೊಡನೆ ಹರಟುವುದೇ ಅವರಿಗೆ ಇಷ್ಟ. ತಣ್ಣನೆಯ ಜೆಲ್ಲನ್ನು ಮೊದಲು ತಮ್ಮ ಅಂಗೈಯಲ್ಲಿ ಬೆಚ್ಚಗೆ ಮಾಡಿಕೊಳ್ಳುತ್ತಾರೆ. ಕುತ್ತಿಗೆಯ ಬುಡಕ್ಕೆ ಸ್ಕ್ಯಾನಿಂಗ್ ಕಡ್ಡಿ ಒತ್ತಿ, ಪರದೆಯ ಮೇಲೆ ನರಗಳು ಮೂಡಿದವೋ, ಮದುವೆಯ ಆಲ್ಬಮ್ ತೋರಿಸುವವರ ಹಾಗೆ ಶುರುಮಾಡುತ್ತಾರೆ: "ಈ ದ್ರಾಕ್ಷಿಗೊಂಚಲು ನಿಮ್ಮ ನರ. ಪಕ್ಕದಲ್ಲಿ ಮಿಡೀತಿರೋದು ರಕ್ತನಾಳ, ಅದರ ತಂಟೆಗೆ ನಾವು ಹೋಗಲ್ಲ." ಸೂಜಿಯ ತುದಿ ಪರದೆಯಲ್ಲಿ ಕಾಣುವತನಕ ಒಂದು ಹನಿ ಮದ್ದೂ ಇಳಿಯದು, ಸರ್ಜನ್ ಬಾಗಿಲಲ್ಲಿ ನಿಂತು ಎಷ್ಟು ಕೆಮ್ಮಿದರೂ ಅಷ್ಟೆ. ಮೊನ್ನೆ ಮಣಿಕಟ್ಟು ಮುರಿದುಕೊಂಡು ಬಂದ ಟೈಲರ್ ಅಜ್ಜ, ಮದ್ದು ಹತ್ತಿದ ಮೇಲೆ ಎದೆಯ ಮೇಲಿದ್ದ ತಮ್ಮದೇ ಕೈಯನ್ನು ತಡವಿ ರೇಗಿಬಿಟ್ಟರು: "ಯಾರ್ರೀ ಅದು, ನನ್ನ ಮೇಲೆ ಕೈ ಹಾಕಿರೋದು?" ಡಾಕ್ಟರು ಆ ಕೈಯನ್ನು ಮಲಗಿದ ಮಗುವಿನಂತೆ ಎತ್ತಿಕೊಂಡು, "ನಿಮ್ದೇ ಅಜ್ಜಾ, ಸ್ವಲ್ಪ ಹೊತ್ತು ನನ್ನ ಹತ್ರ ಇರ್ಲಿ" ಅಂದರು. ಆಪರೇಷನ್ ಮುಗಿಸಿ ಸರ್ಜನ್ ಮನೆಗೆ ಹೋದರು. ಇವರು ಮಾತ್ರ ಡ್ಯೂಟಿ ಮುಗಿದರೂ, ಎಂದಿನಂತೆ, ಅಜ್ಜನ ಅಂಗೈಯಲ್ಲಿ ತಮ್ಮ ತೋರುಬೆರಳಿಟ್ಟು ವಾರ್ಡಿನಲ್ಲಿ ಕೂತಿದ್ದರು. ಸಂಜೆಗೆ ಅಜ್ಜನ ಬೆರಳುಗಳು ಮೆಲ್ಲನೆ ಮಡಿಸಿಕೊಂಡು ಆ ಬೆರಳನ್ನು ಹಿಡಿದವು. "ನಿಮ್ಮ ಕೈ ನಿಮಗೆ ಒಪ್ಪಿಸಿದೆ ಅಜ್ಜಾ, ಇನ್ನು ನನ್ನ ಬೆರಳು ಬಿಡಿ." ಅಜ್ಜ ಬಿಡಲಿಲ್ಲ. "ಸ್ವಲ್ಪ ಹೊತ್ತು ನನ್ನ ಹತ್ರ ಇರ್ಲಿ" ಅಂದರು.