ಟ್ರ್ಯಾಕ್ಟರಿಗೆ ಬೇಕಾದ ಆಟೀನ್ ರಾಣಿ

"ಪಾಯಿಂಟ್ ಮಧ್ಯೆ ಎಷ್ಟು ಸಂದು ಬಿಡ್ಬೇಕಪ್ಪಾ?" ಎಂದು ಕೇಳಿದೆ. ಅಪ್ಪ ಅಮ್ಮನತ್ತ ಕಳ್ಳನೋಟ ಬೀರಿದರು.

ಅಂದು ಆಯುಧಪೂಜೆ. ವಿಜಯನಗರದ ನಮ್ಮ ಮನೆ ಮುಂದೆ ಅಪ್ಪನ ಹಳೆಯ ಪೆಟ್ರೋಲ್ ಟ್ರ್ಯಾಕ್ಟರ್ ಚೆಂಡುಹೂವಿನ ಹಾರ ಹಾಕಿಕೊಂಡು ನಿಂತಿತ್ತು. ಸ್ಟಾರ್ಟ್ ಮಾತ್ರ ಆಗುತ್ತಿರಲಿಲ್ಲ. ಚಕ್ರದಡಿಯ ನಿಂಬೆಹಣ್ಣು ಅಪ್ಪಚ್ಚಿಯಾಗದೆ ಪೂಜೆ ಮುಗಿಯದು, ಪೂಜೆ ಮುಗಿಯದೆ ಯಾರಿಗೂ ತಿಂಡಿಯಿಲ್ಲ. ಅಪ್ಪನ ಕೈ ಈಗ ನಡುಗುತ್ತದೆ. ಹಾಗಾಗಿ ಎಂಜಿನ್ನಿಗೆ ಕಿಡಿ ಕೊಡುವ ಪಾಯಿಂಟ್‌ಗಳನ್ನು ಉಜ್ಜಿ ಕೂರಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು.

ಬೇರೆ ದಾರಿಯಿಲ್ಲದೆ ಅಪ್ಪ ಟೂಲ್ ಬಾಕ್ಸಿನ ತಳದಿಂದ ತಮ್ಮ ಅಳತೆಪಟ್ಟಿಯನ್ನು ತೆಗೆದುಕೊಟ್ಟರು. ಗ್ರೀಸ್ ಮೆತ್ತಿದ ಇಸ್ಪೀಟೆಲೆ ಅದು. ನಮ್ಮ ಮನೆಯ ಕಟ್ಟಿನಿಂದ ಎಂದೋ ಕಾಣೆಯಾಗಿದ್ದ ಆಟೀನ್ ರಾಣಿ!

ಅಮ್ಮ ಆರತಿ ತಟ್ಟೆ ಕೆಳಗಿಟ್ಟರು. "ಎಂಥಾ ಕಳ್ರೀ ನೀವು! ಇಷ್ಟ್ ವರ್ಷ ನಾನೇ ಕಳೆದ್ಬುಟ್ಟೆ ಅಂತ ಆಡ್ಕೊಂಡ್ರಲ್ಲ!"

"ಇವಳಷ್ಟು ಸರಿಯಾದ ಅಳತೆ ಬೇರೆ ಸಿಗ್ಲಿಲ್ಲ ಕಣೇ" ಎಂದರು ಅಪ್ಪ.

ಪಾಯಿಂಟ್‌ಗಳ ನಡುವೆ ರಾಣಿಯನ್ನಿಟ್ಟು, ಆಕೆ ತುಸು ಬಿಗಿಯಾಗಿ ಜಾರುವಂತೆ ಸಂದು ಹೊಂದಿಸಿ ಸ್ಕ್ರೂ ಬಿಗಿದೆ. ಅಣ್ಣ ಹ್ಯಾಂಡಲ್ ತಿರುವಿದ. ಟ್ರ್ಯಾಕ್ಟರ್ ಎರಡು ಸಲ ಕೆಮ್ಮಿ, ಬೀದಿಗೆಲ್ಲ ಕೇಳುವಂತೆ ಗುಡುಗಿತು. ನಿಂಬೆಹಣ್ಣು ಅಪ್ಪಚ್ಚಿ! ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ಅಮ್ಮ.

ಸಂಜೆ ಇಸ್ಪೀಟಿಗೆ ಕೂತಾಗಲೂ ರಾಣಿಯ ಜಾಗದಲ್ಲಿ ಇದ್ದದ್ದು ಎಂದಿನಂತೆ ಕ್ಯಾಲೆಂಡರ್ ರಟ್ಟಿನಿಂದ ಕತ್ತರಿಸಿದ ಎಲೆಯೇ. ಅದು ಯಾರ ಕೈಯಲ್ಲಿದೆಯೆಂದು ಎಲ್ಲರಿಗೂ ಕಾಣುತ್ತದೆ. ನಿಜವಾದ ರಾಣಿಯ ಹಣೆಗೆ ಕುಂಕುಮವಿಟ್ಟು, ಅಮ್ಮನೇ ಟೂಲ್ ಬಾಕ್ಸಿಗೆ ಸೇರಿಸಿಬಿಟ್ಟಿದ್ದರು.