ಕಾರಕೂನರು ನೆಕ್ಕಿದ ಮದ್ದು

ಸ್ವಾತಂತ್ರ್ಯ ಬಂದ ಮೇಲೆ ನಾವು ಬೆಳೆದ ಮರಾಠಿ ಊರಿನ ಪೇಠೆಯ ಹಳೆಯ ಜೈಲನ್ನು ವಸ್ತುಸಂಗ್ರಹಾಲಯ ಮಾಡಿದ್ದಾರೆಂದು ಅಣ್ಣ ಮೊನ್ನೆ ನನ್ನನ್ನು ಕರೆದುಕೊಂಡು ಹೋದ. ಬಾಗಿಲು ದಾಟುತ್ತಲೇ ಫಿನಾಯಿಲ್ ವಾಸನೆ. ಅದೇ ವಾಸನೆಯನ್ನು ಅಂಗಿಯಲ್ಲಿ ಹೊತ್ತು, ಹತ್ತಾರು ಸಂಸಾರಗಳಿದ್ದ ನಮ್ಮ ವಾಡೆಗೆ ಮರಳುತ್ತಿದ್ದ ಜೈಲಿನ ಕಾರಕೂನರು ನೆನಪಾದರು...

ಧಾರವಾಡದ ಕಡೆಯವರು. ಕೈದಿಗಳ ಕನ್ನಡ ಕಾಗದಗಳನ್ನು ಓದಿ ಸಾಹೇಬನಿಗೆ ಮರಾಠಿಯಲ್ಲಿ ಹೇಳುವುದು ಅವರ ಕೆಲಸ. ಚಲೇಜಾವ್ ಗಲಾಟೆಯಲ್ಲಿ ಅಣ್ಣ ಜೈಲು ಸೇರಿದ ಮೇಲೆ ಅವರು ಸೀನಿದರೂ ನಮಗೆ ಗುಮಾನಿ. ನಾನಂತೂ ಅವರ ನಡಿಗೆ, 'ಹೌದ್ರಿ', ನಶ್ಯ ಏರಿಸುವ ಗತ್ತು ಎಲ್ಲವನ್ನೂ ವಾಡೆಯ ಕಟ್ಟೆಯ ಮೇಲೆ ಆಡಿ ತೋರಿಸುತ್ತಿದ್ದೆ. ಮೆಟ್ರಿಕ್ಕಿನಲ್ಲಿ ಎರಡು ಸಲ ಡುಮ್ಕಿ ಹೊಡೆದವನಿಗೆ ಬರುತ್ತಿದ್ದ ವಿದ್ಯೆ ಅದೊಂದೇ.

ಒಂದು ಸಂಜೆ ಅವರು ಅಮ್ಮ ಅಣ್ಣನಿಗೆ ಬರೆದಿದ್ದ ಕಾಗದ ಹಿಡಿದು ನಮ್ಮ ಮನೆಗೆ ಬಂದು ಬಾಗಿಲು ಮುಂದೆ ಮಾಡಿದರು.

"ತಾಯಿ, ಖರೇ ಹೇಳ್ರಿ. 'ಮದ್ದು ತರಿಸಿದ್ದೇನೆ, ಒಂದು ಚಿಟಿಕೆ ಸಾಕು' ಅಂತ ಮಗಗ ಬರದೀರಿ. ಮದ್ದು ಎಲ್ಲಿ ಅದ?"

ಕಸಿದುಕೊಳ್ಳಲು ಬಂದಿದ್ದಾರೆಂದು ಅಮ್ಮ ಮುಖ ಗಂಟಿಕ್ಕಿದಳು. "ಎಂತ ಮದ್ದು? ನಮ್ಮಲ್ಲಿ ಎಂತದೂ ಇಲ್ಲ."

"ನಾಳೆ ಸಾಹೇಬ್ರಿಗೆ ನಾ 'ದಾರೂ' ಅಂತ ಹೇಳಬೇಕಾಗ್ತದ. ಹುಡುಗಗ ಇನ್ನೂ ಎರಡು ವರ್ಷ ಬೀಳ್ತಾವ್ರಿ!"

ಮರಾಠಿಯಲ್ಲಿ ದಾರೂ ಎಂದರೆ ಸಿಡಿಮದ್ದೂ ಹೌದು, ಸಾರಾಯಿಯೂ ಹೌದು. ಅಮ್ಮನಿಗೆ ಗೊತ್ತಿದ್ದದ್ದು ಎರಡನೆಯದು ಮಾತ್ರ. "ಎಂತ ಮಾತಾಡ್ತೀರಿ? ನನ್ನ ಮಗ ಕುಡೀತಾನಾ?" ಎಂದು ಭರಣಿ ತಂದು ಅವರ ಮುಂದೆ ಕುಕ್ಕಿದಳು. ಜ್ಯೇಷ್ಠಮಧು, ಶುಂಠಿ, ಕಾಳುಮೆಣಸು ಕುಟ್ಟಿದ ಕೆಮ್ಮಿನ ಪುಡಿ! ಉಡುಪಿ ಕಡೆಯ ನಮಗೆ ಔಷಧಿಯೇ ಮದ್ದು. ಅವರಿಗೆ ಮದ್ದು ಎಂದರೆ ಕೋವಿಗೆ ತುಂಬುವಂಥದ್ದು.

ಅವರು ಒಂದು ಚಿಟಿಕೆ ನೆಕ್ಕಿ, ಕಣ್ಣಲ್ಲಿ ನೀರು ಬರುವಷ್ಟು ಕೆಮ್ಮಿ, "ಇದೂ ಭಾಳ ಸಿಡೀತದ್ರಿ ತಾಯಿ!" ಎಂದು ನಕ್ಕರು. ಹೋಗುವಾಗ ನನ್ನ ಕಡೆ ತಿರುಗಿದರು. "ನಾ ಕೈದಿ ಮನಿಗೆ ಬಂದಿದ್ದು ಯಾರಿಗೂ ಗೊತ್ತಾಗಬಾರದಪಾ. ನೌಕರಿ ಹೋಗ್ತದ."

ಮರುದಿನ ಅವರು ಸಾಹೇಬನಿಗೆ 'ಔಷಧ' ಎಂದೇ ಹೇಳಿದರು; ಅಣ್ಣನಿಗೆ ಪುಡಿ ಮುಟ್ಟಿತು. ನಾನು ಮೂರು ದಿನ ಬಾಯಿ ಬಿಗಿಹಿಡಿದೆ. ನಾಲ್ಕನೆಯ ದಿನ ತಡೆಯಲಾಗಲಿಲ್ಲ. ಕಾರಕೂನರು ಮದ್ದು ನೆಕ್ಕಿದ್ದನ್ನು ಕಟ್ಟೆಯ ಮೇಲೆ ಆಡಿಬಿಟ್ಟೆ... ಅಷ್ಟು ನಗು ನನಗೆ ಎಂದೂ ಸಿಕ್ಕಿರಲಿಲ್ಲ. ನಕ್ಕವರಲ್ಲಿ ಯಾರು ಜೈಲಿನ ತನಕ ಸುದ್ದಿ ಮುಟ್ಟಿಸಿದರೋ, ವಾರದೊಳಗೆ ಕಾರಕೂನರನ್ನು ಕೆಲಸದಿಂದ ತೆಗೆದರು. ಹೆಂಡತಿಯೊಡನೆ ಊರಿನ ಗಾಡಿ ಹತ್ತಿದವರು ಮರುವರ್ಷ ಅಲ್ಲೇ ತೀರಿಕೊಂಡರಂತೆ...

ಮೊನ್ನೆ ಅಣ್ಣ ತನ್ನ ಹಳೆಯ ಕೋಣೆಯ ಸರಳು ಹಿಡಿದು ನಿಂತ. "ಆ ಪುಡಿ ಇಲ್ಲದಿದ್ರೆ ನಾನು ಆ ಮಳೆಗಾಲ ದಾಟ್ತಿರ್ಲಿಲ್ಲ ಮಾರಾಯ. ಆ ಕಾರಕೂನರ ಮೇಲೆ ಚಾಡಿ ಹೇಳಿದ್ದು ಯಾರು ಅಂತ ಗೊತ್ತುಂಟಾ ನಿಂಗೆ?"

"ಇಲ್ಲ," ಎಂದೆ.

ಅಣ್ಣ ಸರಳು ಬಿಟ್ಟು ನನ್ನ ಕಡೆ ತಿರುಗಿದ. "ಹಾಗಾದ್ರೆ ಅವರು ಪುಡಿ ನೆಕ್ಕಿ ಕೆಮ್ಮಿದ್ದನ್ನು ಒಮ್ಮೆ ಆಡಿ ತೋರಿಸು ಮಾರಾಯ," ಎಂದ.